ಗುಟ್ಟಾಗಿ ಜೋಡಿಸಿದ ಇಸ್ಪೀಟ್ ಕಟ್ಟು: ಜೋಡಣೆಯಿಂದ ಕೊನೆಯ ಎಲೆಯವರೆಗೆ, ಹಂತ ಹಂತವಾಗಿ

ಕಟ್ಟಿನ ಎಲೆಗಳನ್ನು ಮೊದಲೇ ಒಂದು ಕ್ರಮದಲ್ಲಿ ಜೋಡಿಸಿಟ್ಟು, ಎದುರಿನವರು ಎಳೆದ ಎಲೆ ಯಾವುದು ಅಂತ ಹೇಳುವ ಜಾದೂ ಇದು. ಎಲೆ ಜೋಡಿಸಿಕೊಂಡೇ ಹೋಗಿದ್ದೆ, ಆದರೂ ಆಟ ಕೆಟ್ಟಿತು ಅನ್ನುವವರ ಕಥೆ ಹೆಚ್ಚುಕಮ್ಮಿ ಒಂದೇ. ಮನೆಯಲ್ಲಿ ಒಬ್ಬರೇ ಕೂತು ಮಾಡಿದಾಗ ಪ್ರತಿ ಸಲವೂ ಸರಿ ಬಂದಿರುತ್ತದೆ. ನಾಲ್ಕು ಜನರ ಮುಂದೆ ಮಾಡಿದಾಗ ಹೇಳಿದ ಎಲೆ ಒಂದು, ಅವರ ಕೈಯಲ್ಲಿರುವ ಎಲೆ ಇನ್ನೊಂದು.

ಇಂಥ ಕಡೆ ಜೋಡಣೆಯೇ ತಪ್ಪಾಗಿರುವುದು ಕಮ್ಮಿ. ಕಟ್ಟು ಡಬ್ಬಿಯಿಂದ ಹೊರಗೆ ಬಂದು, ಕೈಯಿಂದ ಕೈಗೆ ಓಡಾಡಿ, ಒಂದು ಎಲೆ ಹೊರಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಎಲ್ಲೋ ಕ್ರಮ ಕಳೆದಿರುತ್ತದೆ. ಅದಕ್ಕೇ ಜೋಡಿಸುವುದನ್ನು ಇಲ್ಲಿ ಬೇಗ ಮುಗಿಸಿ, ಆಮೇಲಿನ ಓಡಾಟದ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಬಳಸುವುದು ಸೈ ಸ್ಟೆಬಿನ್ಸ್ ಹೆಸರಿನ ಜೋಡಣೆ. 52 ಎಲೆಯ ಜಾಗವನ್ನೂ ಬಾಯಿಪಾಠ ಮಾಡುವ ಜೋಡಣೆಗಳೂ ಇವೆ, ಅವುಗಳ ಶಕ್ತಿ ದೊಡ್ಡದು, ಆದರೆ ಕಲಿಯಲು ಬಹಳ ಕಾಲ ಬೇಕು. ಇದಕ್ಕೆ ಮೂರು ಕೂಡಿಸಲು ಬಂದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯುಗಾದಿಯ ದಿನ ಕಾಸಿಟ್ಟು ಆಡುವ ಜಾಗಕ್ಕೆ ಈ ಕಟ್ಟನ್ನು ತೆಗೆದುಕೊಂಡು ಹೋಗಬೇಡಿ. ಅಲ್ಲಿ ಇದಕ್ಕೆ ಜಾದೂ ಅನ್ನುವುದಿಲ್ಲ, ಮೋಸ ಅನ್ನುತ್ತಾರೆ. ಹಾಗನ್ನುವುದೂ ಸರಿಯೇ.

## ಹಂತ 1: ಸಾಮಾನು ಹೊಂದಿಸಿಕೊಳ್ಳಿ

ಬೆನ್ನಿನ ಚಿತ್ರ, ಬಣ್ಣ ಎರಡೂ ಒಂದೇ ಆಗಿರುವ ಎರಡು ಕಟ್ಟು ಬೇಕು. ಒಂದು ಜೋಡಿಸಲು, ಇನ್ನೊಂದು ಸುಮ್ನೆ ಜೊತೆಗಿರಲು. ಪೋಕರ್ ಅಳತೆಯ ಎಲೆ ಎರಡೂವರೆ ಇಂಚು ಅಗಲ, ಬ್ರಿಡ್ಜ್ ಅಳತೆಯದು ಅದಕ್ಕಿಂತ ಕಾಲು ಇಂಚು ಕಿರಿದು. ಸಣ್ಣ ಕೈಯವರಿಗೆ ಬ್ರಿಡ್ಜ್ ಅಳತೆಯೇ ವಾಸಿ. ಯಾವುದಾದರೂ ಸರಿ, ಎರಡೂ ಕಟ್ಟು ಒಂದೇ ಅಳತೆ ಇರಲಿ.

ಎರಡೂ ಒಂದೇ ಹದದಲ್ಲಿ ಸವೆದಿರಲಿ. ಆಡಿ ಆಡಿ ಮೆತ್ತಗಾದ ಕಟ್ಟನ್ನು ಒಳಗಿಟ್ಟು, ಗರಿಗರಿ ಹೊಸ ಕಟ್ಟು ತೆಗೆದರೆ ಯಾರಿಗಾದರೂ ಗೊತ್ತಾಗುತ್ತದೆ. ಒಂದಷ್ಟು ದಿನ ಎರಡರಲ್ಲೂ ಸರದಿಯಂತೆ ರಮ್ಮಿ ಆಡಿ, ಸಾಕು.

ಮೇಜಿನ ಮೇಲೆ ಬಟ್ಟೆ ಇರಬೇಕು. ಮಡಿಸಿದ ಬೆಡ್‌ಶೀಟ್ ಆದರೂ ನಡೆಯುತ್ತದೆ. ಗಾಜಿನ ಮೇಲೋ ಗ್ರಾನೈಟ್ ಮೇಲೋ ಬೋರಲು ಬಿದ್ದ ಎಲೆಯನ್ನು ಎತ್ತಲು ಉಗುರು ಹಾಕಿ ಕೆರೆಯಬೇಕಾಗುತ್ತದೆ. ಆ ಪೇಚಾಟದಲ್ಲಿ ಕ್ರಮ ಕೆಡುತ್ತದೆ.

ಕರಾವಳಿಯವರು, ಮಲೆನಾಡಿನವರು ಮಳೆಗಾಲದಲ್ಲಿ ಇನ್ನೊಂದನ್ನು ಗಮನಿಸಬೇಕು. ಕಾಗದದ ಎಲೆ ತೇವ ಹೀರಿ ಉಬ್ಬುತ್ತದೆ, ಎರಡೆರಡು ಅಂಟಿಕೊಂಡು ಬರುತ್ತವೆ. ಕಟ್ಟನ್ನು ಡಬ್ಬಿಗೆ ಹಾಕುವಾಗ ಬಿಗಿ ಅನ್ನಿಸಿದರೆ ತೇವ ಹಿಡಿದಿದೆ ಅಂತ ಅರ್ಥ. ಆ ದಿನ ಆ ಕಟ್ಟು ಬೇಡ.

ಜೋಕರ್‌ಗಳನ್ನೂ ಜಾಹೀರಾತಿನ ಎಲೆಯನ್ನೂ ತೆಗೆದುಬಿಡಿ. ಆಮೇಲೆ ಎಣಿಸಿ, 52 ಇರಬೇಕು. ಹಳೇ ಕಟ್ಟಿನಲ್ಲಿ ಒಂದು ಎಲೆ ಕಳೆದುಹೋಗಿದ್ದು ಗೊತ್ತೇ ಆಗಿರುವುದಿಲ್ಲ. ಆ ಒಂದು ಎಲೆ ಇರಬೇಕಾದ ಜಾಗದಲ್ಲಿ ನಿಮ್ಮ ಲೆಕ್ಕ ಮುರಿದುಬೀಳುತ್ತದೆ.

## ಹಂತ 2: ಕ್ರಮವನ್ನು ತಲೆಗೆ ಹಾಕಿಕೊಳ್ಳಿ

ಕಟ್ಟನ್ನು ಮುಟ್ಟುವ ಮೊದಲು ಈ ಹಂತ ಮುಗಿದಿರಬೇಕು. ಜೋಡಿಸಿದ ಮೇಲೆ ಕಲಿಯೋಣ ಅಂದುಕೊಂಡವರೇ ಜನರ ಮುಂದೆ ತೊದಲುವುದು.

ನಿಯಮ ಎರಡೇ. ಪ್ರತಿ ಎಲೆಯೂ ಅದರ ಹಿಂದಿನದಕ್ಕಿಂತ 3 ಜಾಸ್ತಿ. ಸೂಟ್, ಅಂದರೆ ಎಲೆಯ ಮೇಲಿನ ಚಿಹ್ನೆ, ಮಾತ್ರ ಈ ಕ್ರಮದಲ್ಲಿ ಸುತ್ತುತ್ತದೆ: ಕಳಾವರ್ (♣), ಆಟೀನ್ (♥), ಇಸ್ಪೀಟ್ (♠), ಡೈಮಂಡ್ (♦), ಮತ್ತೆ ಕಳಾವರ್. ನೆನಪಿಗೆ ‘ಕಾಫಿ ಆಯ್ತು, ಇಡ್ಲಿ ಡಬಲ್’ ಅಂದುಕೊಳ್ಳಿ. ಕ, ಆ, ಇ, ಡ.

ಎಕ್ಕ ಅಂದರೆ 1, ಗುಲಾಮ 11, ರಾಣಿ 12, ರಾಜ 13. ಕೂಡಿಸಿದ್ದು 13 ದಾಟಿದರೆ 13 ಕಳೆಯಿರಿ. ಕಷ್ಟ ಕೊಡುವುದು ಮೂರೇ ಜಾಗ: ಗುಲಾಮನ ಮುಂದೆ ಎಕ್ಕ, ರಾಣಿಯ ಮುಂದೆ 2, ರಾಜನ ಮುಂದೆ 3. ಇವನ್ನು ಲೆಕ್ಕ ಹಾಕುತ್ತಾ ಕೂರಬೇಡಿ, ಬಾಯಿಪಾಠ ಮಾಡಿ.

ಅಭ್ಯಾಸಕ್ಕೆ ಸಾಮಾನ್ಯ ಕಟ್ಟನ್ನು ಕಲಸಿ ಎದುರಿಗಿಟ್ಟುಕೊಳ್ಳಿ. ಒಂದೊಂದೇ ಎಲೆ ತಿರುಗಿಸುತ್ತಾ ಅದರ ಮುಂದಿನ ಎಲೆ ಯಾವುದು ಅಂತ ಜೋರಾಗಿ ಹೇಳಿ. ಇಸ್ಪೀಟ್ 9 ಕಂಡರೆ ‘ಡೈಮಂಡ್ ರಾಣಿ’. ಆಟೀನ್ ಗುಲಾಮ ಕಂಡರೆ ‘ಇಸ್ಪೀಟ್ ಎಕ್ಕ’. ಸೂಟ್ ಮೊದಲು, ಸಂಖ್ಯೆ ಆಮೇಲೆ ಹೇಳುವ ರೂಢಿ ಮಾಡಿಕೊಳ್ಳಿ. ಸೂಟ್ ತಕ್ಷಣ ಹೊಳೆಯುತ್ತದೆ, ಅದನ್ನು ಹೇಳುತ್ತಿರುವಾಗಲೇ ಸಂಖ್ಯೆ ಕೂಡಿಸಲು ಸಮಯ ಸಿಗುತ್ತದೆ.

ಇಡೀ ಕಟ್ಟನ್ನು ಎಲ್ಲೂ ತಡೆಯದೆ ಹೇಳಿ ಮುಗಿಸಿದ ಮೇಲೆ ಮುಂದೆ ಹೋಗಿ. ಟಿವಿ ಹಾಕಿಕೊಂಡು, ಮನೆಯವರ ಜೊತೆ ಮಾತಾಡುತ್ತಾ ಹೇಳಲು ಬಂದರೆ ಇನ್ನೂ ಒಳ್ಳೆಯದು. ಆಟದ ಹೊತ್ತಲ್ಲಿ ನಿಮ್ಮ ಬಾಯಿ ಬೇರೆ ಏನೋ ಮಾತಾಡುತ್ತಿರುತ್ತದೆ.

## ಹಂತ 3: ನಾಲ್ಕು ಗುಡ್ಡೆಯಿಂದ ಒಂದು ಕಟ್ಟು

ಪಟ್ಟಿ ನೋಡಿಕೊಂಡು ಒಂದೊಂದೇ ಎಲೆ ಹುಡುಕಿ ಇಡುತ್ತಾ ಹೋದರೆ ಅರ್ಧ ಗಂಟೆ ಹೋಗುತ್ತದೆ, ತಪ್ಪೂ ಆಗುತ್ತದೆ. ಹೀಗೆ ಮಾಡಿ:

1. ಸೂಟ್ ಪ್ರಕಾರ ನಾಲ್ಕು ಗುಡ್ಡೆ ಮಾಡಿ, ಎಲ್ಲವೂ ಅಂಗಾತ. ಪ್ರತಿ ಗುಡ್ಡೆಯಲ್ಲೂ ಮೇಲೆ ರಾಜ, ಅದರ ಕೆಳಗೆ ರಾಣಿ, ಗುಲಾಮ, 10, ಹೀಗೆ ಇಳಿಯುತ್ತಾ ತಳದಲ್ಲಿ ಎಕ್ಕ.
2. ಎಡದಿಂದ ಕಳಾವರ್, ಆಟೀನ್, ಇಸ್ಪೀಟ್, ಡೈಮಂಡ್ ಸಾಲಾಗಿ ಇಡಿ.
3. ಪ್ರತಿ ಗುಡ್ಡೆಯನ್ನೂ ಒಂದು ಸಲ ಕಟ್ ಮಾಡಿ, ಅಂದರೆ ಮೇಲಿನ ಒಂದಷ್ಟನ್ನು ಎತ್ತಿ ಪಕ್ಕಕ್ಕಿಟ್ಟು ಉಳಿದದ್ದನ್ನು ಅದರ ಮೇಲಿಡಿ. ಕಳಾವರ್ ಮೇಲೆ ಎಕ್ಕ ಬರಲಿ, ಆಟೀನ್ ಮೇಲೆ 4, ಇಸ್ಪೀಟ್ ಮೇಲೆ 7, ಡೈಮಂಡ್ ಮೇಲೆ 10.
4. ಎಡದಿಂದ ಬಲಕ್ಕೆ ಒಂದೊಂದು ಎಲೆ ಎತ್ತಿ, ಒಂದರ ಮೇಲೊಂದು ಅಂಗಾತ ಇಡುತ್ತಾ ಹೋಗಿ. 13 ಸುತ್ತಿಗೆ ಮುಗಿಯುತ್ತದೆ.
5. ಇಡೀ ಕಟ್ಟನ್ನು ಬೋರಲು ತಿರುಗಿಸಿ. ಈಗ ಮೇಲಿನ ಎಲೆ ಕಳಾವರ್ ಎಕ್ಕ.

ಮೇಲಿನಿಂದ ಕೆಳಕ್ಕೆ ಹೀಗಿರಬೇಕು:

ಎಕ್ಕ♣ 4♥ 7♠ 10♦ ರಾಜ♣ 3♥ 6♠ 9♦ ರಾಣಿ♣ 2♥ 5♠ 8♦ ಗುಲಾಮ♣

ಎಕ್ಕ♥ 4♠ 7♦ 10♣ ರಾಜ♥ 3♠ 6♦ 9♣ ರಾಣಿ♥ 2♠ 5♦ 8♣ ಗುಲಾಮ♥

ಎಕ್ಕ♠ 4♦ 7♣ 10♥ ರಾಜ♠ 3♦ 6♣ 9♥ ರಾಣಿ♠ 2♦ 5♣ 8♥ ಗುಲಾಮ♠

ಎಕ್ಕ♦ 4♣ 7♥ 10♠ ರಾಜ♦ 3♣ 6♥ 9♠ ರಾಣಿ♦ 2♣ 5♥ 8♠ ಗುಲಾಮ♦

ಪರೀಕ್ಷೆ ಸುಲಭ. 13, 26, 39, 52ನೇ ಎಲೆಗಳು ಗುಲಾಮರೇ ಆಗಿರಬೇಕು. 13ನೆಯದು ಗುಲಾಮ ಅಲ್ಲದಿದ್ದರೆ ತಪ್ಪು ಮೊದಲ ಸಾಲಿನಲ್ಲೇ ಇದೆ, ಇಡೀ ಕಟ್ಟನ್ನು ಬಿಚ್ಚಬೇಕಿಲ್ಲ.

ಬೈಸಿಕಲ್ ಬ್ರ್ಯಾಂಡಿನ ಹೊಸ ಕಟ್ಟು ಒಡೆದು ಜೋಡಿಸುವವರು ಇಲ್ಲಿ ಒಂದು ಗುಂಡಿಗೆ ಬೀಳುತ್ತಾರೆ. ಅದು ಸೂಟ್ ಪ್ರಕಾರವೇ ಬಂದಿರುತ್ತದೆ, ಕೆಲಸ ಅರ್ಧ ಮುಗಿಯಿತು ಅನ್ನಿಸುತ್ತದೆ. ಆದರೆ ಎರಡು ಸೂಟ್ ಎಕ್ಕದಿಂದ ರಾಜನ ಕಡೆಗೆ, ಇನ್ನೆರಡು ರಾಜನಿಂದ ಎಕ್ಕದ ಕಡೆಗೆ ಇರುತ್ತವೆ. ಎರಡು ಗುಡ್ಡೆಯನ್ನು ಒಂದೊಂದೇ ಎಲೆ ಇಳಿಸಿ ಉಲ್ಟಾ ಮಾಡಿಕೊಳ್ಳದೆ ನಾಲ್ಕನೇ ಕೆಲಸಕ್ಕೆ ಹೋದರೆ ಎರಡನೇ ಸುತ್ತಿನಲ್ಲೇ ಲೆಕ್ಕ ತಪ್ಪುತ್ತದೆ.

ಈ ಜೋಡಣೆಯ ದೊಡ್ಡ ಗುಣ, ಇದು ಸುತ್ತು. ಕೊನೆಯ ಡೈಮಂಡ್ ಗುಲಾಮನಿಗೆ 3 ಕೂಡಿಸಿದರೆ ಮೊದಲಿನ ಕಳಾವರ್ ಎಕ್ಕವೇ ಬರುತ್ತದೆ. ಹಾಗಾಗಿ ಎಷ್ಟು ಸಲ ಕಟ್ ಮಾಡಿದರೂ ಏನೂ ಕೆಡುವುದಿಲ್ಲ. ದೊಡ್ಡ ದೋಷವೂ ಒಂದಿದೆ. ಕಪ್ಪು, ಕೆಂಪು, ಕಪ್ಪು, ಕೆಂಪು ಅಂತ ಕೊನೆಯವರೆಗೂ ಒಂದು ಬಿಟ್ಟು ಒಂದು ಬರುತ್ತದೆ. ಮುಖ ಮೇಲೆ ಮಾಡಿ ಹರಡಿ ‘ನೋಡಿ, ಎಲ್ಲಾ ಬೇರೆ ಬೇರೆ ಎಲೆ’ ಅಂತ ತೋರಿಸುವ ಆಸೆ ಬೇಡ. ತೋರಿಸಲೇಬೇಕು ಅಂದರೆ ಅರ್ಧ ಹರಡಿ, ಒಂದು ಮಾತು ಹೇಳುವಷ್ಟರಲ್ಲಿ ಮುಚ್ಚಿ. ಇದನ್ನು ಹಿಡಿಯುವುದು ಚಿಕ್ಕ ಮಕ್ಕಳು, ಮತ್ತೆ ರಮ್ಮಿಯಲ್ಲಿ ಪಳಗಿದ ಚಿಕ್ಕಪ್ಪಂದಿರು.

## ಹಂತ 4: ಡಬ್ಬಿಗೆ ಹಾಕುವುದು, ಹೊರಗೆ ತೆಗೆಯುವುದು

ಜೋಡಿಸಿದ ಕಟ್ಟಿನ ಡಬ್ಬಿಗೆ ನಿಮಗೆ ಮಾತ್ರ ಕಾಣುವಂಥ ಒಂದು ಗುರುತು ಹಾಕಿ. ಮುಚ್ಚಳದ ಮೂಲೆಯಲ್ಲಿ ಪೆನ್ಸಿಲ್ ಚುಕ್ಕೆ ಸಾಕು. ಎರಡು ಒಂದೇ ಥರದ ಡಬ್ಬಿ ಚೀಲದಲ್ಲಿದ್ದು, ಯಾವುದು ಯಾವುದು ಅಂತ ಜನರ ಮುಂದೆ ತೆಗೆದು ನೋಡುವ ಹಾಗೆ ಆಗಬಾರದು, ಅಲ್ವಾ?

ಚುಕ್ಕೆ ಇರುವ ಕಡೆಗೇ ಎಲೆಗಳ ಬೆನ್ನು ಬರುವಂತೆ ಹಾಕಿ. ಹೊರಗೆ ತೆಗೆಯುವಾಗ ಚುಕ್ಕೆ ಮೇಲಿದ್ದರೆ ಕಟ್ಟು ಬೋರಲಾಗಿಯೇ ಕೈಗೆ ಬರುತ್ತದೆ, ಮುಖ ಯಾರಿಗೂ ಕಾಣುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅಂಚು ಮಡಿಯುತ್ತದೆ. ಪ್ಯಾಂಟಿನ ಹಿಂದಿನ ಜೇಬು ಬೇಡವೇ ಬೇಡ. ಅಲ್ಲಿ ಕೂತು ಕೂತು ಇಡೀ ಕಟ್ಟು ಬಾಗುತ್ತದೆ.

ಹೊಸಬರು ಜೋಡಿಸಿದ ಕಟ್ಟಿನಿಂದಲೇ ಶುರು ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಬದಲಾಯಿಸುವ ಗೋಜೇ ಇಲ್ಲ. ಮೊದಲು ಸಾಮಾನ್ಯ ಕಟ್ಟಿನಲ್ಲಿ ಒಂದು ಆಟ ತೋರಿಸಿ, ಅದನ್ನು ಅವರೇ ಕಲಸಲು ಬಿಟ್ಟು, ಆಮೇಲೆ ಜೋಡಿಸಿದ ಕಟ್ಟಿಗೆ ಬರಬೇಕು ಅಂದರೆ ನಡುವೆ ಬೇರೇನಾದರೂ ಇರಲಿ. ಮೊದಲ ಕಟ್ಟನ್ನು ಡಬ್ಬಿಗೆ ಹಾಕಿ ಚೀಲದಲ್ಲಿಡಿ. ಒಂದು ನಾಣ್ಯದ ಆಟವೋ ದಾರದ ಆಟವೋ ಮಾಡಿ. ಮತ್ತೆ ಚೀಲಕ್ಕೆ ಕೈ ಹಾಕಿದಾಗ ಬರುವುದು ಚುಕ್ಕೆಯ ಡಬ್ಬಿ. ಒಳಗೆ ಹೋದ ಕೈ ತಕ್ಷಣ ಹೊರಗೆ ಬಂದರೆ ಅನುಮಾನ ಬರುತ್ತದೆ. ನಡುವೆ ಐದು ನಿಮಿಷ ಹೋದರೆ ಅದೇ ಕಟ್ಟು ಅಂತಲೇ ಎಲ್ಲರೂ ನಂಬಿರುತ್ತಾರೆ.

ಬೇರೆಯವರ ಮನೆಯ ಕಟ್ಟು ಕೈಗೆ ಸಿಕ್ಕಿದರೆ 52 ಎಲೆಯ ಜೋಡಣೆ ಕನಸಿನ ಮಾತು. ಅಲ್ಲಿ ನಾಲ್ಕು ಎಕ್ಕವನ್ನು ಮೇಲಕ್ಕೆ ತರುವಷ್ಟು ಮಾಡಬಹುದು. ‘ಜೋಕರ್ ತೆಗೆದುಬಿಡ್ತೀನಿ’ ಅಂತ ಮುಖ ನಿಮ್ಮ ಕಡೆ ಇರುವಂತೆ ಹರಡಿ. ಜೋಕರ್ ಸಿಕ್ಕಾಗ ಮೇಜಿಗೆ ಎಸೆಯಿರಿ, ಎಕ್ಕ ಸಿಕ್ಕಾಗ ಕಟ್ಟಿನ ಹಿಂದಕ್ಕೆ ಸರಿಸಿ. ಹಿಂದೆ ಅಂದರೆ ಬೋರಲು ಮಾಡಿದಾಗ ಮೇಲೆ ಬರುವ ಕಡೆ. ಎರಡು ಜೋಕರ್ ಮೇಜಿನ ಮೇಲೆ ಬಿದ್ದಿದ್ದನ್ನು ನೋಡಿದವರಿಗೆ ನಿಮ್ಮ ಕೈ ಏನು ಮಾಡುತ್ತಿತ್ತು ಅನ್ನುವುದಕ್ಕೆ ಉತ್ತರ ಸಿಕ್ಕಿರುತ್ತದೆ.

## ಹಂತ 5: ಕಲಸದೆ ಕಲಸಿದಂತೆ ಕಾಣಿಸುವುದು

ಕಟ್ಟು ಹೊರಗೆ ಬಂದ ತಕ್ಷಣ ಎಲೆ ತೆಗೆಯಿರಿ ಅಂದರೆ ಜೋಡಿಸಿಕೊಂಡು ಬಂದಿದ್ದಾನೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗಾಗಿ ಕಲಸಬೇಕು, ಆದರೆ ಕ್ರಮ ಕೆಡಬಾರದು. ಕಲಿಯಲು ಸುಲಭವಾದದ್ದು ಶಾರ್ಲಿಯೆ ಹೆಸರಿನ ಸುಳ್ಳು ಕಲಸು. ನೋಡಲು ಸ್ವಲ್ಪ ಪೆದ್ದು ಪೆದ್ದಾಗಿರುತ್ತದೆ. ಅದೇ ಅದರ ಲಾಭ. ಕೈಚಳಕ ಇರುವವರು ಹೀಗೆ ಕಲಸುವುದಿಲ್ಲ ಅಂತ ನೋಡುವವರಿಗೆ ಅನ್ನಿಸುತ್ತದೆ.

ಕಟ್ಟನ್ನು ಎಡಗೈಯಲ್ಲಿ ಬೋರಲು ಹಿಡಿಯಿರಿ. ಎಡ ಹೆಬ್ಬೆರಳಿನಿಂದ ಮೇಲಿನ ಐದಾರು ಎಲೆಯನ್ನು ಬಲಗೈಗೆ ತಳ್ಳಿ. ಈಗ ಎಡಗೈಯ ಉಳಿದ ಬೆರಳುಗಳಿಂದ ತಳದ ಐದಾರು ಎಲೆಯನ್ನು ತಳ್ಳಿ, ಬಲಗೈಯಲ್ಲಿರುವ ಎಲೆಗಳ ಮೇಲಕ್ಕೆ ಹಾಕಿ. ಮತ್ತೆ ಹೆಬ್ಬೆರಳಿನಿಂದ ಮೇಲಿನ ಒಂದಷ್ಟನ್ನು ತಳ್ಳಿ, ಬಲಗೈಯ ಎಲೆಗಳ ಕೆಳಕ್ಕೆ ಸೇರಿಸಿ. ಹೀಗೆ ಒಂದು ಸಲ ಅದು, ಒಂದು ಸಲ ಇದು, ಎಡಗೈ ಖಾಲಿಯಾಗುವವರೆಗೆ.

ನೆನಪಿಡಬೇಕಾದ್ದು ಇಷ್ಟೇ: ಮೇಲಿನಿಂದ ಬಂದದ್ದು ಕೆಳಗೆ, ಕೆಳಗಿನಿಂದ ಬಂದದ್ದು ಮೇಲೆ. ಈ ಮಾತು ತಪ್ಪದಿದ್ದರೆ ಆಗುವುದು ಬರೀ ಒಂದು ಕಟ್. ಒಂದೇ ಒಂದು ಸಲ ಉಲ್ಟಾ ಹಾಕಿದರೂ ಅಲ್ಲಿಗೆ ಸುತ್ತು ತುಂಡಾಯಿತು.

ಕಲಿಯುವಾಗ ಅಂಗಾತ ಹಿಡಿದು ಮಾಡಿ. ಪ್ರತಿ ಕಂತು ಸೇರುವ ಜಾಗದಲ್ಲಿ ಕಪ್ಪು-ಕೆಂಪು ಸರದಿ ಮುರಿದಿದೆಯಾ ಅಂತ ಕಣ್ಣಿಗೇ ಕಾಣುತ್ತದೆ. ಕಂತುಗಳು ಒಂದೇ ದಪ್ಪ ಇರಬಾರದು, ಮೂರು, ಎಂಟು, ಐದು ಅಂತ ಹೆಚ್ಚುಕಮ್ಮಿ ಇರಲಿ. ಕೈ ನೋಡಿಕೊಂಡು ಕಲಸಬೇಡಿ. ಮನೆಯಲ್ಲಿ ರಮ್ಮಿಗೆ ಕಲಸುವಾಗ ಯಾರೂ ಕೈ ನೋಡಿಕೊಳ್ಳುವುದಿಲ್ಲ.

ಆಮೇಲೆ ಕಟ್ಟನ್ನು ಮೇಜಿನ ಮೇಲಿಟ್ಟು ಎದುರಿನವರಿಗೆ ಕಟ್ ಮಾಡಲು ಹೇಳಿ. ಇನ್ನೊಬ್ಬರಿಗೂ ಕೊಡಿ. ಒಂದೇ ಎಚ್ಚರಿಕೆ, ಕೆಲವರು ಕಟ್ ಮಾಡಿ ಅಂದರೆ ಮೂರು ನಾಲ್ಕು ಗುಡ್ಡೆ ಮಾಡಿ ಮನಬಂದಂತೆ ಪೇರಿಸುತ್ತಾರೆ. ‘ಅರ್ಧ ಎತ್ತಿ ಪಕ್ಕಕ್ಕಿಡಿ, ಉಳಿದದ್ದನ್ನು ಅದರ ಮೇಲಿಡಿ’ ಅಂತ ಬಿಡಿಸಿ ಹೇಳಿ.

## ಹಂತ 6: ಎಲೆ ತೆಗೆಸಿ, ಅಲ್ಲೇ ಕಟ್ ಮಾಡಿ, ತಳ ನೋಡಿ

ಬಹಳ ಜನ ಸೋಲುವುದು ಇಲ್ಲೇ. ನಿಧಾನವಾಗಿ ಓದಿ.

ಕಟ್ಟನ್ನು ಬೋರಲಾಗಿ ಎಡಗೈಯಿಂದ ಬಲಗೈಗೆ ಹರಡುತ್ತಾ ಹೋಗಿ. ಎದುರಿನವರು ಒಂದು ಎಲೆ ಎಳೆದುಕೊಳ್ಳಲಿ. ಅವರು ಎಳೆದ ಜಾಗದಲ್ಲೇ ಎರಡು ಕೈಯನ್ನೂ ಬೇರೆ ಮಾಡಿ. ಈಗ ಬಲಗೈಯಲ್ಲಿ ಅವರ ಎಲೆಗಿಂತ ಮೇಲಿದ್ದವು, ಎಡಗೈಯಲ್ಲಿ ಕೆಳಗಿದ್ದವು. ಬಲಗೈಯದನ್ನು ಎಡಗೈಯ ಎಲೆಗಳ ಕೆಳಕ್ಕೆ ಸೇರಿಸಿ. ಅವರ ಎಲೆಗೆ ಮುಂಚೆ ಇದ್ದ ಎಲೆ ಈಗ ಕಟ್ಟಿನ ತಳದಲ್ಲಿದೆ.

ಆ ತಳದ ಎಲೆಯನ್ನು ಯಾವಾಗ ನೋಡಬೇಕು? ಅವಸರ ಬೇಡ. ‘ಎಲೆ ನೋಡಿ, ಪಕ್ಕದವರಿಗೂ ತೋರಿಸಿ’ ಅನ್ನಿ. ಎಲ್ಲರ ಕಣ್ಣೂ ಆ ಎಲೆಯ ಕಡೆ ಹೋಗುತ್ತದೆ. ಆಗ ಕಟ್ಟಿನ ಉದ್ದನೆಯ ಅಂಚನ್ನು ಮೇಜಿಗೆ ಎರಡು ಸಲ ತಟ್ಟಿ ಸರಿ ಮಾಡಿಕೊಳ್ಳಿ, ತಳ ನಿಮ್ಮ ಕಡೆ ತಿರುಗಿರಲಿ. ಒಂದು ಕ್ಷಣ ಸಾಕು. ತಲೆ ಬಗ್ಗಿಸಬೇಡಿ, ಕಣ್ಣು ಮಾತ್ರ ಇಳಿಯಲಿ.

ತಳದಲ್ಲಿ ಇಸ್ಪೀಟ್ 9 ಕಂಡರೆ ಅವರ ಕೈಯಲ್ಲಿರುವುದು ಡೈಮಂಡ್ ರಾಣಿ. ತಕ್ಷಣ ಒದರಿಬಿಡಬೇಡಿ. ಕೆಂಪು ಅನ್ನಿ, ಡೈಮಂಡ್ ಅನ್ನಿ, ಮುಖ ಇರುವ ಎಲೆ ಅನ್ನಿ, ಆಮೇಲೆ ರಾಣಿಗೆ ಬನ್ನಿ.

ತಪ್ಪಿದರೆ ಏನು ತಪ್ಪಿತು ಅನ್ನುವುದನ್ನು ಅವರ ಎಲೆಯೇ ಹೇಳುತ್ತದೆ. ಅಭ್ಯಾಸದಲ್ಲಿ ಇದನ್ನು ನೋಡಿಕೊಳ್ಳಿ:

- ಸಂಖ್ಯೆ ಸರಿ, ಸೂಟ್ ಮಾತ್ರ ತಪ್ಪು: ಮೂರು ಕೂಡಿಸಿದಿರಿ, ಸೂಟ್ ಮುಂದಕ್ಕೆ ಸರಿಸಲು ಮರೆತಿರಿ. ಗಾಬರಿಯಲ್ಲಿ ಜಾಸ್ತಿ ಆಗುವುದು ಇದೇ.
- ಅವರ ಎಲೆ ನೀವು ಹೇಳಿದ್ದಕ್ಕಿಂತ 3 ಜಾಸ್ತಿ: ಕೈ ಬೇರೆ ಮಾಡುವಾಗ ಒಂದು ಎಲೆ ಎಡಗೈಯ ಕಡೆಗೆ ಜಾರಿಹೋಗಿದೆ.
- ಅವರ ಎಲೆ ನೀವು ಹೇಳಿದ್ದಕ್ಕಿಂತ 6 ಕಮ್ಮಿ: ಅವರ ಎಲೆಯ ನಂತರದ ಎಲೆಯನ್ನು ನೋಡಿ ಲೆಕ್ಕ ಹಾಕಿದ್ದೀರಿ. ಅದು ಬಲಗೈಯ ಗುಂಪಿನ ಜೊತೆ ಬಂದುಬಿಟ್ಟಿದೆ.
- ಯಾವ ಲೆಕ್ಕಕ್ಕೂ ಸಿಗದ ಎಲೆ: ಕಟ್ಟಿನ ಕ್ರಮವೇ ಕೆಟ್ಟಿದೆ, ಇಲ್ಲವೇ ಕಟ್ ಮಾಡುವುದನ್ನೇ ಮರೆತಿದ್ದೀರಿ.

ಎರಡು ಮತ್ತು ಮೂರನೇ ತಪ್ಪಿಗೆ ಮದ್ದು ಒಂದೇ. ಅವರು ಎಲೆ ಎಳೆಯುತ್ತಿರುವಾಗಲೇ ಬಲಗೈ ಬೆರಳ ತುದಿಗಳನ್ನು ಹರಡಿದ ಎಲೆಗಳ ಕೆಳಗೆ, ಆ ಸಂದಿಗೆ ತಾಗಿಸಿ ಇಟ್ಟಿರಿ. ಎಲೆ ಹೊರಗೆ ಹೋದ ಮೇಲೆ ಸಂದಿ ಎಲ್ಲಿತ್ತು ಅಂತ ಹುಡುಕಲು ಹೋದರೆ ಒಂದು ಎಲೆ ಆಚೀಚೆ ಆಗಿಯೇ ಆಗುತ್ತದೆ.

## ಹಂತ 7: ಎಲೆ ವಾಪಸ್ ಬರುವಾಗ

ಮೊದಲ ಆಟ ಚೆನ್ನಾಗಿ ಆಗಿ ಎರಡನೆಯದು ಕೆಟ್ಟರೆ, ಹೆಚ್ಚಿನ ಸಲ ಕಾರಣ ಈ ಹಂತ. ಚಪ್ಪಾಳೆ ಬಿದ್ದ ಖುಷಿಯಲ್ಲಿ ‘ಎಲ್ಲಾದರೂ ಸೇರಿಸಿಬಿಡಿ’ ಅಂದಿರುತ್ತಾರೆ.

ಕಟ್ ಆದ ಮೇಲೆ ಅವರ ಎಲೆಯ ಸರಿಯಾದ ಜಾಗ ಕಟ್ಟಿನ ತಳ. ಸುತ್ತು ಆದ್ದರಿಂದ ಮೇಲಿಟ್ಟರೂ ನಡೆಯುತ್ತದೆ. ಕಟ್ಟನ್ನು ಮೇಜಿನ ಮೇಲಿಟ್ಟು ‘ಇದರ ಮೇಲಿಡಿ, ಈಗ ಕಟ್ ಮಾಡಿ’ ಅನ್ನಿ. ನೋಡುವವರಿಗೆ ಎಲೆ ಮಧ್ಯಕ್ಕೆ ಹೋಯಿತು, ನಿಮ್ಮ ಕ್ರಮ ಹಾಗೇ ಉಳಿಯಿತು.

ಅವರು ಕೇಳದೆ ಮಧ್ಯಕ್ಕೆ ತುರುಕಿಬಿಟ್ಟರೆ ಗಾಬರಿ ಬೇಡ. ಎಲೆ ಯಾವುದು ಅಂತ ನಿಮಗೆ ಗೊತ್ತಿದೆ. ಮುಖ ನಿಮ್ಮ ಕಡೆ ಮಾಡಿ ಹರಡಿ, ಹುಡುಕುವ ನಾಟಕ ಮಾಡಿ, ಅದನ್ನು ತೆಗೆದು ಮೇಜಿಗೆ ಹಾಕಿ. ಇದೇ ನಿಮ್ಮ ಎಲೆ ಅಲ್ವಾ ಅಂತ ಕೇಳಿ. ಅದನ್ನು ಎತ್ತುವಾಗ ಕಟ್ಟಿನ ಮೇಲಿಟ್ಟರೆ ಎಲ್ಲ ಸರಿಹೋಯಿತು. ನಡುವೆ ಯಾರಾದರೂ ಕಟ್ ಮಾಡಿದ್ದರೆ ಮಾತ್ರ ಅದರ ಜಾಗ ಬೇರೆ. ಡೈಮಂಡ್ ರಾಣಿ ಆದರೆ ಇಸ್ಪೀಟ್ 9 ಮತ್ತು ಕಳಾವರ್ 2ರ ನಡುವೆ ಹೋಗಬೇಕು.

## ಹಂತ 8: ‘ಕೊಡಿ, ನಾನೇ ಕಲಸ್ತೀನಿ’ ಅಂದಾಗ

ಒಬ್ಬರಾದರೂ ಕೇಳುತ್ತಾರೆ. ಬೇಡ ಅಂದರೆ ಗುಟ್ಟು ಅರ್ಧ ಬಯಲಾದ ಹಾಗೆ. ಇದಕ್ಕೆ ಬಲು ಚಂದದ ದಾರಿಯೊಂದಿದೆ. ನಾರ್ಮನ್ ಗಿಲ್‌ಬ್ರೆತ್ ಎಂಬ ಗಣಿತಜ್ಞ, ಜಾದೂಗಾರ ಬೆಳಕಿಗೆ ತಂದ ತತ್ವ ಅದು.

ಅವರ ಕೈಗೆ ಕಟ್ಟು ಕೊಟ್ಟು, ಮೇಲಿನಿಂದ ಒಂದೊಂದೇ ಎಲೆಯನ್ನು ಒಂದರ ಮೇಲೊಂದು ಬೋರಲಾಗಿ ಇಳಿಸಲು ಹೇಳಿ. ಸುಮಾರು ಅರ್ಧ ಆದಾಗ ನಿಲ್ಲಿಸಲಿ, ಸರಿಯಾಗಿ 26 ಇರಬೇಕಿಲ್ಲ. ಹೀಗೆ ಇಳಿಸಿದಾಗ ಆ ಪಾಲು ಉಲ್ಟಾ ಆಗುತ್ತದೆ. ಗುಟ್ಟು ಅದೇ. ಈಗ ಎರಡು ಪಾಲನ್ನೂ ಎದುರುಬದುರು ಇಟ್ಟು ಒಂದು ಸಲ ರಿಫಲ್ ಮಾಡಲಿ, ಅಂದರೆ ಎರಡರ ಮೂಲೆ ಎತ್ತಿ ಎಲೆಗಳು ಒಂದರೊಳಗೊಂದು ಬೀಳುವಂತೆ ಬಿಡಲಿ. ನಮ್ಮಲ್ಲಿ ಬಹಳ ಜನಕ್ಕೆ ಇದು ಬರುವುದಿಲ್ಲ. ಬಾರದಿದ್ದರೆ ಎರಡು ಪಾಲನ್ನೂ ಸ್ವಲ್ಪ ಹರಡಿ ಒಂದರೊಳಗೊಂದು ತುರುಕಿ ಸೇರಿಸಿದರೂ ಆಗುತ್ತದೆ. ಎಷ್ಟು ಒರಟಾಗಿ ಸೇರಿದರೂ ಚಿಂತೆ ಇಲ್ಲ.

ಇದಾದ ಮೇಲೆ ಮೇಲಿನಿಂದ ನಾಲ್ಕು ನಾಲ್ಕು ಎಲೆ ತೆಗೆದರೆ ಪ್ರತಿ ನಾಲ್ಕರಲ್ಲೂ ನಾಲ್ಕು ಸೂಟ್ ಒಂದೊಂದು ಇರುತ್ತದೆ. ಕಟ್ಟನ್ನು ಮೇಜಿನ ಕೆಳಗೆ ಹಿಡಿದು, ಬೆರಳಲ್ಲೇ ಸೂಟ್ ಗುರುತಿಸುವವರಂತೆ ನಾಲ್ಕು ನಾಲ್ಕಾಗಿ ಹೊರಗೆ ಹಾಕುತ್ತಾ ಹೋಗಿ. ನಾಲ್ಕೈದು ಸಲ ಸಾಕು, 13 ಸಲ ಮಾಡಿದರೆ ನೋಡುವವರಿಗೆ ಬೇಜಾರು.

ಎಚ್ಚರಿಕೆ ಎರಡು. ರಿಫಲ್ ಒಂದೇ ಸಲ. ಅದಾದ ಮೇಲೆ ಕಟ್ ಮಾಡಿಸಬೇಡಿ, ನಾಲ್ಕರ ಗುಂಪುಗಳು ಜಾರುತ್ತವೆ. ಮತ್ತೆ, ಇದರ ಬಳಿಕ ಮೂರು ಕೂಡಿಸುವ ಆಟಗಳು ನಡೆಯುವುದಿಲ್ಲ. ಕ್ರಮ ಅಲ್ಲಿಗೆ ಮುಗಿಯಿತು.

ಅವರು ನಿಮ್ಮ ಮಾತು ಮುಗಿಯುವ ಮೊದಲೇ ಕಟ್ಟು ಕಿತ್ತುಕೊಂಡು ಕೈಮೇಲೆ ಗಡಗಡ ಕಲಸಿಬಿಟ್ಟರೆ ಉಳಿಸಿಕೊಳ್ಳಲು ಏನೂ ಇಲ್ಲ. ಜೋಡಣೆ ಬೇಡದ ಆಟವೊಂದು ತಲೆಯಲ್ಲಿ ಸಿದ್ಧ ಇಟ್ಟುಕೊಂಡೇ ಹೊರಡಿ.

## ಹಂತ 9: ನಾಲ್ಕು ಪಾಲು ಹಂಚಿ, ಮತ್ತೆ ಜೋಡಿಸಿ

ಹಂತ 8ಕ್ಕೆ ಹೋಗದೆ ಕ್ರಮ ಉಳಿದಿದ್ದರೆ ಕೊನೆಗೆ ಇದನ್ನು ಮಾಡಿ. ಒಬ್ಬರಿಂದ ಕಟ್ ಮಾಡಿಸಿ, ನಾಲ್ಕು ಜನಕ್ಕೆ ಆಟ ಹಾಕುವಂತೆ ಎಡದಿಂದ ಬಲಕ್ಕೆ ಒಂದೊಂದು ಎಲೆ ಬೋರಲಾಗಿ ಹಂಚಿ. 52 ಎಲೆ ಮುಗಿದ ಮೇಲೆ ಒಂದೊಂದು ಪಾಲಿನಲ್ಲೂ ಒಂದು ಇಡೀ ಸೂಟ್, 13 ಎಲೆಯೂ ಇರುತ್ತದೆ. ಇಷ್ಟು ಹೊತ್ತು ಕಲಸಿ ಕಟ್ ಮಾಡಿದ್ದನ್ನು ನೋಡಿದವರು ಬಾಯಿ ಬಿಟ್ಟು ಕೂರುತ್ತಾರೆ.

ಹಂಚುವಾಗ ಎರಡು ಎಲೆ ಅಂಟಿಕೊಂಡು ಒಟ್ಟಿಗೆ ಬಿದ್ದರೆ ಅಲ್ಲಿಂದ ಮುಂದೆ ಎಲ್ಲ ಪಾಲೂ ಕಲಬೆರಕೆ. ಬೋರಲಾಗಿ ಹಂಚುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ಗೊತ್ತಾಗುವ ದಾರಿ ಇದೆ: ಕೊನೆಯ ಎಲೆ ನಾಲ್ಕನೇ ಪಾಲಿನ ಮೇಲೇ ಬೀಳಬೇಕು. ಮೂರನೆಯದರ ಮೇಲೆ ಬಿದ್ದು ಕೈ ಖಾಲಿಯಾದರೆ ಪಾಲುಗಳನ್ನು ತಿರುಗಿಸಬೇಡಿ. ಏನೂ ಆಗದವರ ಹಾಗೆ ಎಲ್ಲವನ್ನೂ ಒಟ್ಟು ಮಾಡಿ ಬೇರೆ ಆಟಕ್ಕೆ ಹೋಗಿ. ನೀವು ಏನು ತೋರಿಸಲು ಹೊರಟಿದ್ದಿರಿ ಅಂತ ಅವರಿಗೆ ಹೇಗೂ ಗೊತ್ತಿಲ್ಲ.

ಹಾಗಾಗಿ ‘ಈಗ ನಾಲ್ಕು ಸೂಟ್ ಬೇರೆ ಬೇರೆ ಬರುತ್ತೆ ನೋಡಿ’ ಅಂತ ಹಂಚುವ ಮೊದಲೇ ಸಾರಬೇಡಿ.

ಈ ಆಟದ ಇನ್ನೊಂದು ಲಾಭ ಜನ ಎದ್ದುಹೋದ ಮೇಲೆ ಗೊತ್ತಾಗುತ್ತದೆ. ಪಾಲುಗಳನ್ನು ಯಾರೂ ಕೆದಕದಿದ್ದರೆ ಹಂಚಿದ ಸಾಲಿನಲ್ಲೇ ನಾಲ್ಕನ್ನೂ ಅಂಗಾತ ಇಟ್ಟುಕೊಳ್ಳಿ. ಎಡದಿಂದ ಬಲಕ್ಕೆ ಒಂದೊಂದೇ ಎಲೆ ಎತ್ತಿ ಅಂಗಾತ ಪೇರಿಸಿ, ಕೊನೆಗೆ ಬೋರಲು ತಿರುಗಿಸಿ. ಮತ್ತೆ ವಿಂಗಡಿಸಬೇಕಿಲ್ಲ, ಗುಡ್ಡೆಗಳನ್ನು ಕಟ್ ಮಾಡುವುದೂ ಬೇಡ, ಕಟ್ಟು ಮತ್ತೆ ಸಿದ್ಧ. ಮೇಲಿನ ಎಲೆ ಈ ಸಲ ಕಳಾವರ್ ಎಕ್ಕ ಆಗಿರಲಿಕ್ಕಿಲ್ಲ, ಯಾಕೆಂದರೆ ಹಂಚುವ ಮೊದಲು ಯಾರೋ ಕಟ್ ಮಾಡಿದ್ದಾರೆ. ಎಕ್ಕ ಮೇಲೆ ಬರುವಂತೆ ಒಂದು ಸಲ ಕಟ್ ಮಾಡಿ, ನಾಲ್ಕು ಗುಲಾಮರ ಜಾಗ ನೋಡಿಕೊಂಡು, ಚುಕ್ಕೆಯ ಡಬ್ಬಿಗೆ ಹಾಕಿ.